ಲೋಟ ಇಟ್ಟ ಸದ್ದು

ಕಡೂರು
೪ ಫೆಬ್ರವರಿ ೨೦೨೪

ಪ್ರೀತಿಯ ಅಕ್ಕ,

ನೀನು ಹೇಳಿದಂತೆ ಕೂತು ಬರೆಯುತ್ತಿದ್ದೇನೆ. ಫೋನಿನಲ್ಲಿ ನನ್ನ ಮಾತು ನಿನಗೆ ತಗಡು ಬಡಿದಂತೆ ಕೇಳುತ್ತದೆ, ವಾಟ್ಸಾಪಿನಲ್ಲಿ ನಾನು ಎರಡು ಸಾಲು ಗೀಚಿ ಎದ್ದು ಹೋಗುತ್ತೇನೆ, ಹಾಗಾಗಿ ಕಾಗದವೇ ಆಗಬೇಕು ಎಂದು ಅಪ್ಪಣೆ ಮಾಡಿದ್ದೀಯ. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದಾಯಿತು. ಒಂದು ಸಲ ಅಂಗಡಿಗೆ ಪಂಪ್‌ಸೆಟ್ ಕೇಳಿಕೊಂಡು ಗಿರಾಕಿ ಬಂದ. ಇನ್ನೊಂದು ಸಲ ಸುಮ್ಮನೆ ಎದ್ದೆ.

ಕೋಣೆ ಯಾವುದೆಂದು ನಿಶ್ಚಯವಾಯಿತು. ಹಜಾರ ಬೇಡ, ಅಲ್ಲಿ ಟಿ.ವಿ., ಮಿಕ್ಸಿ, ರಸ್ತೆಯ ಲಾರಿ ಎಲ್ಲವೂ ಕೇಳುತ್ತವೆ. ಮನೆಯ ಹಿಂದಿನ ಕೊಬ್ಬರಿ ಕೋಣೆಯೇ ಸರಿ. ಮೊಳದಪ್ಪದ ಮಣ್ಣಿನ ಗೋಡೆ, ಒಂದೇ ಬಾಗಿಲು, ಒಂದು ಸಣ್ಣ ಕಿಟಕಿ. ಮೇಲೆ ಅಡಿಕೆ ದಬ್ಬೆ ಹಾಸಿದ ಅಟ್ಟ, ಅಟ್ಟದ ತುಂಬ ಕೊಬ್ಬರಿಯಾಗಲೆಂದು ಸಿಪ್ಪೆ ಸಮೇತ ಪೇರಿಸಿದ ತೆಂಗಿನಕಾಯಿ, ನೀನು ಈ ಮನೆಯಲ್ಲಿದ್ದಾಗ ಇದ್ದ ಹಾಗೆಯೇ. ಕೆಳಗಿದ್ದ ಗುದ್ದಲಿ, ಹಳೆಯ ಪೈಪು, ಹರಕು ಚೀಲ ಎಲ್ಲ ಹೊರಗೆ ಹಾಕಿಸಿದೆ. ಅಶ್ವಿನಿ ಬಾಗಿಲಲ್ಲಿ ನಿಂತು ನೋಡಿ, "ಹೆಂಡ್ತಿ ಕೇಳಿದ್ರೆ ಒಂದು ಮೊಳೆ ಹೊಡಿಯಲ್ಲ, ಇಲ್ಲಿ ದೇವರ ಕೋಣೆಗಿಂತ ಚೊಕ್ಕ ಮಾಡಿದೀರಲ್ರೀ" ಎಂದಳು. ಅವಳು ಅಂದದ್ದರಲ್ಲಿ ಸುಳ್ಳೇನಿಲ್ಲ.

ಸ್ಪೀಕರುಗಳು ಬಂದಿವೆ. ನನ್ನ ಎದೆಯ ಮಟ್ಟಕ್ಕಿವೆ, ಒಂದೊಂದನ್ನು ಇಬ್ಬರು ಹಿಡಿದು ಇಳಿಸಿದರು. ಆಂಪ್ಲಿಫೈಯರ್ ಹಚ್ಚಿದ ಕೂಡಲೇ ಗುಂಯ್ ಎನ್ನುತ್ತಿತ್ತು. ಜೀವಮಾನವೆಲ್ಲ ಗುಂಯ್‌ಗುಡುವ ಮೋಟಾರು ಮಾರಿದವನಿಗೆ ಆ ಸದ್ದು ಸಹಿಸಲಾಗಲಿಲ್ಲ. ತರೀಕೆರೆಯಿಂದ ವೈರಿಂಗ್ ತೀರ್ಥೇಶನನ್ನು ಕರೆಸಿ, ಹಿತ್ತಲಲ್ಲಿ ಗುಂಡಿ ತೋಡಿಸಿ, ಉಪ್ಪು ಇದ್ದಿಲು ತುಂಬಿಸಿ ಬೇರೆಯೇ ಅರ್ಥಿಂಗ್ ಮಾಡಿಸಿದೆ. ಈಗ ಗುಂಯ್ ಇಲ್ಲ. ಆ ಗುಂಡಿಗೆ ದಿನಾ ನೀರು ಹಾಕಬೇಕು. ಪಕ್ಕದವರು ಏನು ಗಿಡ ನೆಟ್ಟಿದ್ದೀರಿ ಎಂದು ಕೇಳುತ್ತಾರೆ.

ಇಷ್ಟೆಲ್ಲ ಯಾಕೆ ಎಂದು ವಿಶ್ವನಾಥ್ ಭಾವ ಕೇಳಿದರಂತೆ. ನೀನೇ ಹೇಳು ಅವರಿಗೆ. ಹುಬ್ಬಳ್ಳಿಯ ಡಾಕ್ಟರು ಏನೆಂದರು? ಎಡಗಿವಿ ಹೋಗಿದೆ, ಬಲಗಿವಿಯ ನರವೂ ಸೋಲುತ್ತಿದೆ, ಈ ವರ್ಷ ಕಳೆಯುವುದರೊಳಗೆ ಅದೂ ನಿಲ್ಲಬಹುದು. ಗದ್ದಲದಲ್ಲಿ ಏನೂ ತಿಳಿಯುವುದಿಲ್ಲ, ನಿಶ್ಶಬ್ದವಾದ ಜಾಗದಲ್ಲಿ ಸ್ಪಷ್ಟವಾದ ಶಬ್ದವಾದರೆ ಇನ್ನೂ ಹಿಡಿಯುತ್ತದೆ. ನನಗೆ ಅಷ್ಟು ಸಾಕು. ಅದು ನಿಲ್ಲುವ ಮೊದಲು ನಮ್ಮ ಬಿಹಾಗ್ ರಾಗದ ರೆಕಾರ್ಡನ್ನು ನೀನು ಒಂದು ಸಲ ಸರಿಯಾಗಿ ಕೇಳಬೇಕು. ಜೊತೆಗೆ ಹಳೆಯ ವ್ಯಾಜ್ಯವೂ ತೀರಬೇಕು. ಹಾಡು ಮುಗಿದು ತಂಬೂರಿ ಇನ್ನೂ ನುಡಿಯುತ್ತಿರುವಾಗ ಯಾರೋ ಲೋಟ ಕೆಳಗಿಟ್ಟ ಸದ್ದಿದೆ ಎಂದು ನೀನು. ಅದು ಮುಳ್ಳು ಗೀರಿದ ಸದ್ದು ಎಂದು ನಾನು. ಅಪ್ಪನ ಡಬ್ಬಿ ಪ್ಲೇಯರಿನಲ್ಲಿ ಅದು ಇತ್ಯರ್ಥವಾಗಲೇ ಇಲ್ಲ.

ನಿನ್ನ ತಮ್ಮ
ಮೃತ್ಯುಂಜಯ

ಗದಗ
೧೫ ಫೆಬ್ರವರಿ ೨೦೨೪

ಜಯನಿಗೆ ಅಕ್ಕನ ಆಶೀರ್ವಾದ. ಮೊದಲು ಕೂತುಕೋ, ಆಮೇಲೆ ಓದು.

ನಿನ್ನ ಕಾಗದವನ್ನು ನಿಮ್ಮ ಭಾವನಿಗೆ ಓದಿ ಹೇಳಿದೆ. ಅವರು ನಕ್ಕು, ನಿನ್ನ ತಮ್ಮ ಹೋದ ಸಲ ಬುಲೆಟ್ ಬೈಕು ಬಿಚ್ಚಿದ್ದ, ಅದಕ್ಕೂ ಮೊದಲು ಜೇನು ಸಾಕಿದ್ದ, ಇದು ಎಷ್ಟು ದಿನವೋ ಎಂದರು. ಇದು ಹಾಗಲ್ಲ ಎಂದು ನಾನು ಜಗಳಕ್ಕೆ ಹೋದೆ. ನನಗಾಗಿ ಒಬ್ಬರು ಒಂದು ಕೋಣೆಯನ್ನೇ ಮಾಡುತ್ತಿದ್ದಾರೆ ಎಂದರೆ ಸಂತೋಷವಾಗದೆ ಇರುತ್ತದೆಯೇ? ಬಹಳ ಸಂತೋಷವಾಗಿದೆ ಕಣೋ.

ನನ್ನ ಕಿವಿಯ ಸಮಾಚಾರ ಹೇಳುತ್ತೇನೆ. ಸಣ್ಣ ಸದ್ದುಗಳು ಹೋದವು. ಗುಬ್ಬಿ ಇಲ್ಲ, ಕಾಲಿಂಗ್ ಬೆಲ್ ಇಲ್ಲ. ದಪ್ಪ ಸದ್ದುಗಳು ಇನ್ನೂ ನನ್ನ ಕಡೆಗಿವೆ. ಬೆಳಿಗ್ಗೆ ಎದ್ದ ಕೂಡಲೇ ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುವುದು ಕೇಳುತ್ತದೆ. ಅದು ಕೇಳಿದರೆ ಇವತ್ತಿನ ದಿನ ಸಿಕ್ಕಿತು ಎಂದುಕೊಂಡು ಏಳುತ್ತೇನೆ.

ಕೊಬ್ಬರಿ ಕೋಣೆ ಆರಿಸಿದ್ದು ಒಳ್ಳೆಯದಾಯಿತು. ಹುಡುಗಿಯಾಗಿದ್ದಾಗ ನಾನು ಪಾಠ ಗಟ್ಟಿ ಮಾಡುತ್ತಿದ್ದದ್ದು, ಹಾಡಿಕೊಳ್ಳುತ್ತಿದ್ದದ್ದು ಎಲ್ಲ ಅಲ್ಲೇ. ಅಟ್ಟದಿಂದ ಕಾಯಿ ಇಳಿಸಿದ ತಿಂಗಳಲ್ಲಿ ಮಾತ್ರ ಅಲ್ಲಿ ಹಾಡಲು ಮನಸ್ಸಾಗುತ್ತಿರಲಿಲ್ಲ, ಜಗುಲಿಗೆ ಬರುತ್ತಿದ್ದೆ. ನಿನಗೆ ನೆನಪಿರಲಾರದು, ನೀನು ಆಗ ಮರದ ಮೇಲಿರುತ್ತಿದ್ದೆ.

ಶಿವರಾತ್ರಿಗೆ ಬರುತ್ತೇನೆ. ರೈಲಿಗೆ ಟಿಕೆಟ್ ಮಾಡಿಸಲೇ? ಅದು ಲೋಟವೇ.

ತೀರ್ಥಕ್ಕ

ಕಡೂರು
೨ ಮಾರ್ಚ್ ೨೦೨೪

ಅಕ್ಕ,

ನಿನ್ನೆ ಸಂಜೆ ಮೊದಲ ಸಲ ಹಚ್ಚಿದೆ. ಹೇಗೆ ಹೇಳಲಿ? ಕಣ್ಣು ಮುಚ್ಚಿದರೆ ಸ್ಪೀಕರ್ ಇರಲಿಲ್ಲ. ಎರಡರ ನಡುವೆ, ಗೋಡೆಯಿಂದ ಒಂದು ಹೆಜ್ಜೆ ಈಚೆಗೆ, ಒಬ್ಬ ಮನುಷ್ಯ ಕೂತು ಹಾಡುತ್ತಿದ್ದ. ಅವನ ಹಿಂದೆ ತಂಬೂರಿ ಒಂದಲ್ಲ, ಎರಡು. ಇಷ್ಟು ವರ್ಷ ನಾವು ಒಂದೇ ಎಂದುಕೊಂಡಿದ್ದೆವು. ಅಶ್ವಿನಿ ಬೈಯಲು ಬಂದವಳು ಬಾಗಿಲಿಗೆ ಒರಗಿ ನಿಂತೇ ಬಿಟ್ಟಳು. ಒಲೆಯ ಮೇಲಿದ್ದ ಹಾಲು ಉಕ್ಕಿತು. ನನ್ನ ಕಣ್ಣಲ್ಲಿ ನೀರು ಬಂತು ಎಂದು ಬರೆದರೆ ನೀನು ನಗುತ್ತೀಯ, ಆದರೂ ಬಂತು.

ಲೋಟದ ವಿಷಯ ನಾನು ಈಗ ಹೇಳುವುದಿಲ್ಲ.

ಆದರೆ ಅಕ್ಕ, ಶಿವರಾತ್ರಿಗೆ ಬೇಡ. ಒಂದೇ ಒಂದು ತೊಂದರೆ ಉಳಿದಿದೆ. ಅಟ್ಟದ ಸಂದಿನಿಂದ ನಾರಿನ ದೂಳು ಉದುರುತ್ತದೆ, ರೆಕಾರ್ಡಿನ ಮೇಲೆ ಬಿದ್ದು ಚಟ್ ಚಟ್ ಎನ್ನುತ್ತದೆ. ಸಾಲದ್ದಕ್ಕೆ ಎರಡನೆಯ ಬದಿ ನಡೆಯುತ್ತಿರುವಾಗ ಇಲಿ ಓಡಾಡಿ ಒಂದು ಕಾಯಿ ಗಡಗಡ ಉರುಳಿತು. ನೀನು ಗದಗದಿಂದ ಬಂದು ಕೂತಾಗ ತಲೆಯ ಮೇಲೆ ಕಾಯಿ ಉರುಳಿದರೆ ಏನು ಚೆನ್ನ? ಅಟ್ಟ ಖಾಲಿ ಮಾಡಿಸಿ, ಗುಡಿಸಿ, ಸುಣ್ಣ ಹೊಡೆಸುತ್ತೇನೆ. ಕಾಯಿ ಇನ್ನೂ ಒಣಗಿಲ್ಲ, ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಬಿಟ್ಟುಕೊಂಡ ಸದ್ದು ಬರುವುದಿಲ್ಲ. ಈಗ ಇಳಿಸಿದರೆ ಕೊಬ್ಬರಿಯ ದರ ಸಿಗದು, ಎಣ್ಣೆ ಗಾಣಕ್ಕೆ ಹಸಿಕಾಯಿಯ ಲೆಕ್ಕದಲ್ಲಿ ಕೊಡಬೇಕು ಎಂದು ಅಶ್ವಿನಿಯ ತಕರಾರು. ಹೋಗಲಿ ಬಿಡು. ಯುಗಾದಿ ಕಳೆದ ಮೇಲೆ ನೀನು ಬಂದರೆ ದೂಳಿಲ್ಲ, ಇಲಿಯಿಲ್ಲ, ಹಾಡೊಂದೇ.

ನಿನ್ನ ಕಡೆಯ ಕೌದಿ ಎರಡು ಕಳಿಸು. ಹಿಂದಿನ ಗೋಡೆಗೆ ತೂಗುಹಾಕಬೇಕು.

ಜಯ

ಗದಗ
೧೨ ಮಾರ್ಚ್ ೨೦೨೪

ಜಯ,

ಟಿಕೆಟ್ ರದ್ದು ಮಾಡಿಸಿದೆ. ನಾನು ದೂಳಿನ ಜೊತೆಗೇ ಬೆಳೆದವಳು, ನನಗೆ ದೂಳಿನ ಭಯವಿರಲಿಲ್ಲ. ಇರಲಿ, ಕೋಣೆ ನಿನ್ನದು. ಕೌದಿಗಳನ್ನು ಪಾರ್ಸೆಲ್ ಮಾಡಿದ್ದೇನೆ. ಒಂದರಲ್ಲಿ ನನ್ನ ಹಳೆಯ ಹಸಿರು ಇಳಕಲ್ ಸೀರೆಯ ತುಂಡಿದೆ, ಅದನ್ನು ನನ್ನ ಕುರ್ಚಿಯ ಹಿಂದೆ ಹಾಕು.

ಲೋಟದ ಬಗ್ಗೆ ಬಾಯಿ ಬಿಡಲಿಲ್ಲ ಎಂದರೆ ನಿನಗೆ ಕೇಳಿಸಿಲ್ಲ ಎಂದು ಅರ್ಥ. ನನಗೆ ಬೇಜಾರಾಗಬಾರದೆಂದು ಸುಮ್ಮನಿದ್ದೀಯ.

ಯುಗಾದಿ ಆದ ಮೇಲೆ ತಿಳಿಸು. ತಡ ಮಾಡಬೇಡ.

ಅಕ್ಕ

ಕಡೂರು
೨೦ ಏಪ್ರಿಲ್ ೨೦೨೪

ಅಕ್ಕ,

ತಡವಾಯಿತು, ಗೊತ್ತು. ಏನೋ ಕೆಟ್ಟಿದೆ.

ಯುಗಾದಿಗೆ ಮೊದಲೇ ಅಟ್ಟ ಖಾಲಿಯಾಯಿತು. ಮೇಲಿನ ತಗಡು, ತೊಲೆ, ದಬ್ಬೆ ಎಲ್ಲ ಒರೆಸಿ ಪಳಪಳ ಮಾಡಿಸಿದೆ. ಗೋಡೆಗೆ ಸುಣ್ಣ ಆಯಿತು, ನಿನ್ನ ಕೌದಿ ತೂಗುಹಾಕಿದ್ದೂ ಆಯಿತು, ಕೆಳಗೆ ಹೊಸ ಜಮಖಾನ. ಇಷ್ಟು ಮಾಡಿ ಹಚ್ಚಿದರೆ ಹಾಡುವವನೇ ಎದ್ದು ಹೋಗಿದ್ದಾನೆ. ದನಿ ಡಬ್ಬದೊಳಗಿಂದ ಬಂದಂತೆ ಬರುತ್ತದೆ, ಕೆಳಗಿನ ಸ್ವರ ಧಂ ಧಂ ಎಂದು ಮೈಮೇಲೆ ಬೀಳುತ್ತದೆ, ತಂಬೂರಿ ಎರಡು ಹೋಗಿ ಒಂದೂ ನೆಟ್ಟಗಿಲ್ಲ.

ಸ್ಪೀಕರುಗಳನ್ನು ಗೋಡೆಯಿಂದ ಈಚೆ ತಂದೆ, ಆಚೆ ತಳ್ಳಿದೆ, ಮುಖ ಒಳಕ್ಕೆ ತಿರುಗಿಸಿದೆ, ಹೊರಕ್ಕೆ ತಿರುಗಿಸಿದೆ. ಗೋಡೆಗುಂಟ ಕನ್ನಡಿ ಹಿಡಿದು ಸರಿಸುತ್ತಾ ಹೋಗಬೇಕು, ಕುರ್ಚಿಯಲ್ಲಿ ಕೂತವನಿಗೆ ಎಲ್ಲಿ ಸ್ಪೀಕರ್ ಕಾಣುತ್ತದೋ ಅಲ್ಲಿ ಸದ್ದು ಬಡಿದು ವಾಪಸ್ ಬರುತ್ತದೆ ಎಂದು ಓದಿದ್ದೆ. ಅಶ್ವಿನಿಯ ಕೈಗೆ ಕನ್ನಡಿ ಕೊಟ್ಟೆ. ಅವಳು ಎರಡು ಗಜ ಸರಿದು, ಬೈತಲೆ ತಿದ್ದಿಕೊಂಡು, ಕನ್ನಡಿಯನ್ನು ಅಲ್ಲೇ ಇಟ್ಟು ಹೋದಳು. ಎಣ್ಣೆ ಗಾಣಕ್ಕೆ ಹೋದ ಕಾಯಿಯ ಸಿಟ್ಟು ಇನ್ನೂ ಇಳಿದಿಲ್ಲ. ಕರೆಂಟಿನದೇ ದೋಷ ಇರಬೇಕು, ಬೇಸಗೆಯಲ್ಲಿ ವೋಲ್ಟೇಜ್ ಏರಿಳಿತ ಜಾಸ್ತಿ ಎಂದು ನಾನು ಹೇಳಿದರೆ, "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ" ಎನ್ನುತ್ತಾಳೆ.

ಈ ಸ್ಥಿತಿಯಲ್ಲಿ ನಿನ್ನನ್ನು ಕರೆಸಲಾರೆ. ನಿನಗೆ ಉಳಿದಿರುವ ಅಷ್ಟಿಷ್ಟರಲ್ಲಿ ಈ ಧಂ ಧಂ ಕೇಳಿಸಿದರೆ ನಾನು ಬದುಕಿರುವವರೆಗೂ ಒದ್ದಾಡುತ್ತೇನೆ. ಬೆಂಗಳೂರಿನಿಂದ ವೈರ್ ತರಿಸಿ ಬದಲಾಯಿಸುತ್ತಿದ್ದೇನೆ. ಮೇ ತಿಂಗಳು ಬಿಡು. ಜೂನ್ ಖಂಡಿತ.

ಜಯ

ಗದಗ
೬ ಮೇ ೨೦೨೪

ಜಯ,

ಧಂ ಧಂ ಆದರೆ ಧಂ ಧಂ ಆಯಿತು. ನಾನು ಈ ವಾರವೇ ಬರುತ್ತೇನೆ ಎಂದು ಭಾವನ ಕೈಲಿ ಫೋನ್ ಮಾಡಿಸಿದ್ದೆ. ನೀನು ಮತ್ತೆ ಬೇಡ ಎಂದೆಯಂತೆ. ಸ್ಪೀಕರುಗಳನ್ನು ಬಿಚ್ಚಿ ಹಾಕಿದ್ದೀಯಂತೆ.

ಇಲ್ಲಿ ಬಿಸಿಲು. ಪಕ್ಕದ ಮನೆಯವರು ಬೇಸಗೆಗೆ ರೊಟ್ಟಿ ಬಿಟ್ಟು ಚಪಾತಿ ಶುರುಮಾಡಿದ್ದಾರೆ ಎಂದು ತೋರುತ್ತದೆ, ಬೆಳಿಗ್ಗೆ ಸದ್ದೇ ಇಲ್ಲ. ನಾನು ಚೆನ್ನಾಗಿದ್ದೇನೆ. ನೀನು ಊಟ ಬಿಟ್ಟು ಆ ಕೋಣೆಯಲ್ಲಿ ಕೂರಬೇಡ.

ಅಕ್ಕ

ಕಡೂರು
೧೮ ಜುಲೈ ೨೦೨೪

ಅಕ್ಕ,

ಜೂನ್ ಹೇಗೆ ಹೋಯಿತೋ ತಿಳಿಯಲಿಲ್ಲ. ಎರಡು ಕಾಗದ ಬರೆಯಲು ಕೂತು, ಎದ್ದು, ಮತ್ತೆ ಸ್ಪೀಕರ್ ಸರಿಸಲು ಹೋದೆ.

ವೈರ್ ಬದಲಾಯಿಸಿದೆ, ಆಗಲಿಲ್ಲ. ಆಂಪ್ಲಿಫೈಯರ್ ವಾಪಸ್ ಕಳಿಸಿ ಬೇರೆ ತರಿಸಿದೆ, ಆಗಲಿಲ್ಲ. ಸ್ಪೀಕರಿನ ಕೆಳಗೆ ಕಡಪ ಕಲ್ಲು ಹಾಕಿಸಿದೆ. ಅರ್ಥಿಂಗ್ ಗುಂಡಿ ಇನ್ನೊಮ್ಮೆ ತೋಡಿಸೋಣ ಎಂದರೆ ತೀರ್ಥೇಶ ಫೋನ್ ಎತ್ತುವುದನ್ನೇ ಬಿಟ್ಟ. ಅಂಗಡಿಯಲ್ಲಿ ಗಿರಾಕಿ ಐದು ಎಚ್‌ಪಿ ಮೋಟಾರು ಕೇಳಿದರೆ ಮೂರರದ್ದು ಕಟ್ಟಿಸಿ ಕಳಿಸಿದೆ. ರಾತ್ರಿ ನಿದ್ದೆಯಿಲ್ಲ. ಎಚ್ಚರವಾದಾಗೆಲ್ಲ ಬಲಗಡೆಯ ಸ್ಪೀಕರನ್ನು ಇನ್ನೊಂದು ಬೆರಳಷ್ಟು ಸರಿಸಿದ್ದರೆ ಎಂದು ತೋರುತ್ತದೆ.

ಮೊನ್ನೆ ಅಶ್ವಿನಿ ಸಿಟ್ಟಿನಿಂದ ಅಲ್ಲ, ಮೆತ್ತಗೆ ಕೇಳಿದಳು: "ರೀ, ನೀವು ಇದ್ನ ಅಕ್ಕನಿಗೆ ಅಂತ ಮಾಡ್ತಿದೀರೋ, ನಿಮಗೋ?" ನಾನು ಅರ್ಥಿಂಗ್ ಗುಂಡಿಗೆ ನೀರು ಹಾಕಲು ಹಿತ್ತಲಿಗೆ ಹೋದೆ. ಆ ಮಾತು ಕೆರೆಯುತ್ತಲೇ ಇದೆ.

ಮಾರ್ಚಿನ ಆ ಸಂಜೆ ಎಲ್ಲವೂ ಸರಿಯಿತ್ತು ಅಕ್ಕ. ಅದೇ ಸ್ಪೀಕರು, ಅದೇ ರೆಕಾರ್ಡು. ನಡುವೆ ಏನು ಹೋಯಿತು ಎನ್ನುವುದೇ ನನಗೆ ಹೊಳೆಯುತ್ತಿಲ್ಲ. ಇನ್ನು ಸ್ವಲ್ಪ ತಡೆದುಕೋ. ನಿನ್ನ ಕಿವಿ ಹೇಗಿದೆ? ನೀನು ಅದರ ಬಗ್ಗೆ ಬರೆಯುವುದನ್ನೇ ಬಿಟ್ಟಿದ್ದೀಯ.

ಜಯ

ಗದಗ
೩೦ ಆಗಸ್ಟ್ ೨೦೨೪

ಜಯ,

ಕೂತುಕೋ. ಈ ಸಲ ನಿಜವಾಗಿಯೂ ಕೂತುಕೋ.

ಮೊದಲು ನಿನ್ನ ಕೋಣೆಯ ವಿಷಯ. ನಿನ್ನ ಕಾಗದಗಳನ್ನು ಮುಂದಿಟ್ಟುಕೊಂಡು ಇನ್ನೊಮ್ಮೆ ಓದಿದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳಿಗೆ ಅಷ್ಟಾದರೂ ಬರಬೇಕಲ್ಲ. ಮಾರ್ಚಿನಲ್ಲಿ ಸರಿಯಿತ್ತು, ಏಪ್ರಿಲಿನಲ್ಲಿ ಕೆಟ್ಟಿತು. ನಡುವೆ ಕೋಣೆಯಿಂದ ಹೊರಗೆ ಹೋದದ್ದು ಒಂದೇ ಒಂದು: ಅಟ್ಟದ ಕಾಯಿ. ದಬ್ಬೆಯ ಸಂದಿನಿಂದ ಮೇಲೆ ಹೋದ ಸದ್ದನ್ನು ಅಷ್ಟು ದಪ್ಪದ ನಾರು ಹಿಡಿದಿಟ್ಟುಕೊಳ್ಳುತ್ತಿತ್ತು. ನೀನು ಅದನ್ನು ತೆಗೆಸಿ, ತಗಡನ್ನು ಪಳಪಳ ಮಾಡಿ, ಸದ್ದೆಲ್ಲ ಅದಕ್ಕೆ ಬಡಿದು ತಲೆಯ ಮೇಲೆ ಬೀಳುವ ಹಾಗೆ ಮಾಡಿಕೊಂಡೆ. ಕಾಯಿ ಇಳಿಸಿದ ತಿಂಗಳಲ್ಲಿ ನಾನು ಅಲ್ಲಿ ಹಾಡುತ್ತಿರಲಿಲ್ಲ ಎಂದು ಬರೆದಿದ್ದೆನಲ್ಲ. ಯಾಕೆ ಎಂದು ಆಗ ಯೋಚಿಸಿರಲಿಲ್ಲ, ಈಗ ತಿಳಿಯಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ನೀನು ಬೆಂಗಳೂರಿನಿಂದ ವೈರ್ ತರಿಸಿದೆ. ನಮ್ಮ ಕಡೆಯವರಿಗೆ ಅಟ್ಟದ ಕಾಯಿ ಕಣ್ಣಿಗೆ ಬೀಳುವುದೇ ಇಲ್ಲ. ಹುಟ್ಟಿದಾಗಿನಿಂದ ತಲೆಯ ಮೇಲೇ ಇರುತ್ತದೆ.

ಇನ್ನು ನನ್ನ ವಿಷಯ. ಪಕ್ಕದ ಮನೆಯವರು ಚಪಾತಿ ಶುರುಮಾಡಿರಲಿಲ್ಲ. ರೊಟ್ಟಿಯನ್ನೇ ಬಡಿಯುತ್ತಿದ್ದರು, ಈಗಲೂ ಬಡಿಯುತ್ತಾರೆ. ನಾನು ಕಿಟಕಿಯಲ್ಲಿ ನಿಂತು ಆಕೆಯ ಕೈ ಏಳುವುದು ಬೀಳುವುದು ನೋಡುತ್ತೇನೆ. ಮೇ ತಿಂಗಳಲ್ಲಿ ಅರ್ಧ ಹೋಗಿತ್ತು, ಅದಕ್ಕೇ ಆ ವಾರವೇ ಬರುತ್ತೇನೆ ಎಂದದ್ದು. ಜುಲೈ ಮುಗಿಯುವಷ್ಟರಲ್ಲಿ ಪೂರ್ತಿ ನಿಂತಿತು. ನಿಮ್ಮ ಭಾವ ಈಗ ಸ್ಲೇಟಿನ ಮೇಲೆ ಬರೆದು ಮಾತಾಡುತ್ತಾರೆ. ನಿನಗೆ ಹೇಳಬೇಡಿ ಎಂದು ನಾನೇ ಅವರಿಗೆ ಆಣೆ ಹಾಕಿದ್ದೆ. ಹೇಳಿದರೆ ನೀನು ಕೋಣೆ ಮಾಡುವುದನ್ನು ನಿಲ್ಲಿಸುತ್ತೀಯ, ನಿಲ್ಲಿಸಿದರೆ ನಿನಗೆ ಏನಾಗುತ್ತದೋ ಎಂದು ಹೆದರಿಕೆಯಾಯಿತು.

ನನಗೆ ಸಿಟ್ಟು ಬಂದಿಲ್ಲ ಎಂದರೆ ಸುಳ್ಳಾಗುತ್ತದೆ. ನಾನು ಶಿವರಾತ್ರಿಗೆ ಬರುತ್ತೇನೆ ಎಂದೆ, ನೀನು ದೂಳು ಎಂದೆ. ಮೇ ತಿಂಗಳಲ್ಲಿ ಬರುತ್ತೇನೆ ಎಂದೆ, ನೀನು ವೈರ್ ಎಂದೆ. ಅರೆಬರೆ ಸಾಕಾಗಿತ್ತು ಜಯ ನನಗೆ. ದೂಳಿನ ಜೊತೆಗೆ, ಇಲಿಯ ಜೊತೆಗೆ, ಉರುಳುವ ಕಾಯಿಯ ಜೊತೆಗೆ ಸಾಕಾಗಿತ್ತು. ಇದನ್ನು ಬರೆಯದೆ ಇಟ್ಟುಕೊಂಡರೆ ನಿನ್ನ ಮುಖ ನೋಡಲು ಕಷ್ಟವಾಗುತ್ತದೆ ಎಂದು ಬರೆದಿದ್ದೇನೆ. ಬರೆದ ಮೇಲೆ ಮನಸ್ಸು ಹಗುರವಾಯಿತು. ನೀನು ಅತ್ತು ಕೂರಬೇಡ.

ಅಕ್ಕ

ಕಡೂರು
೮ ಸೆಪ್ಟೆಂಬರ್ ೨೦೨೪

ಅಕ್ಕ,

ನಿನ್ನ ಕಾಗದವನ್ನು ಅಟ್ಟದ ಕೆಳಗೇ ನಿಂತು ಓದಿದೆ. ಓದಿ ಮೇಲೆ ನೋಡಿದೆ. ತಗಡು ಹೊಳೆಯುತ್ತಿತ್ತು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ ಎಂದು ಊರವರು ನಗುವುದಾದರೆ ನಗಲಿ. ನನಗೆ ನಗು ಬರುತ್ತಿಲ್ಲ. ಮಾರ್ಚಿನಲ್ಲಿ ಕೈಯಲ್ಲಿತ್ತು. ಕೈಯಲ್ಲಿದ್ದದ್ದನ್ನು ಇನ್ನಷ್ಟು ಚೆನ್ನಾಗಿ ಮಾಡಲು ಹೋಗಿ ನಿನ್ನ ಕಿವಿಯ ಕೊನೆಯ ಐದು ತಿಂಗಳನ್ನು ನಾನು ಸ್ಪೀಕರ್ ಸರಿಸುತ್ತಾ ತಿಂದುಹಾಕಿದೆ. ನೀನು ಸಿಟ್ಟಾದದ್ದು ಸಾಲದು.

ಅಂತರಘಟ್ಟೆ ಕಡೆಯ ಬೀರಯ್ಯ ಟ್ರ್ಯಾಕ್ಟರಿನಲ್ಲಿ ಕಾಯಿ ತಂದು ಹಾಕಿದ. ಕೊಬ್ಬರಿ ಮಾಡಲು ಈಗ ಕಾಲ ಅಲ್ಲವಲ್ಲ ಎಂದ. ಅಶ್ವಿನಿ ಅವನಿಗೆ ಏನೂ ಹೇಳದೆ ತಾನೇ ಏಣಿ ಹಿಡಿದು ನಿಂತಳು. ಅಟ್ಟ ತುಂಬಿತು. ನಿನ್ನೆ ಹಚ್ಚಿದೆ. ಅವನು ವಾಪಸ್ ಬಂದು ಕೂತು ಹಾಡಿದ, ಅದೇ ಜಾಗದಲ್ಲಿ, ತಂಬೂರಿ ಎರಡೂ ಹಿಂದೆ. ನೀನು ಹೇಳಿದ್ದು ಅಕ್ಷರಶಃ ನಿಜ. ಅರ್ಧಕ್ಕೆ ನಿಲ್ಲಿಸಿ ಹೊರಗೆ ಬಂದೆ.

ಎಲ್ಲವನ್ನೂ ಮಾರಿಬಿಡುತ್ತೇನೆ. ನಿನಗೆ ಕೇಳದ ಕೋಣೆ ನನಗೆ ಯಾಕೆ?

ಜಯ

ಗದಗ
೧೬ ಸೆಪ್ಟೆಂಬರ್ ೨೦೨೪

ಮಾರಬೇಡ. ದೀಪಾವಳಿಗೆ ಬರುತ್ತೇನೆ. ನನ್ನ ಕುರ್ಚಿ ಎಲ್ಲಿತ್ತೋ ಅಲ್ಲೇ ಇರಲಿ. ಈ ಸಲ ಬೇಡ ಎಂದು ಬರೆದರೆ ಸ್ಲೇಟಿನಿಂದ ತಲೆಗೆ ಹೊಡೆಯುತ್ತೇನೆ.

ಅಕ್ಕ

ಗದಗ
೧೦ ನವೆಂಬರ್ ೨೦೨೪

ಜಯನಿಗೆ,

ಸುಖವಾಗಿ ತಲುಪಿದೆವು. ಅಶ್ವಿನಿ ಕಟ್ಟಿಕೊಟ್ಟ ಕೊಬ್ಬರಿ ಮಿಠಾಯಿಯನ್ನು ಭಾವ ದಾವಣಗೆರೆ ಬರುವಷ್ಟರಲ್ಲಿ ಮುಗಿಸಿದರು.

ಅಲ್ಲಿ ಇದ್ದಷ್ಟು ದಿನ ನೀನು ಸ್ಲೇಟಿನ ಮೇಲೆ ಒಂದನ್ನೇ ಬರೆದು ಬರೆದು ಅಳಿಸುತ್ತಿದ್ದೆ, ಏನಾದರೂ ಕೇಳಿಸಿತಾ ಎಂದು. ನಾನು ತಲೆಯಾಡಿಸಿ ಮಾತು ತಪ್ಪಿಸಿದೆ. ಈಗ ನೇರವಾಗಿ ಹೇಳುತ್ತೇನೆ. ಏನೂ ಕೇಳಿಸಲಿಲ್ಲ. ಚೂರೂ ಇಲ್ಲ. ಕೇಳಿಸೀತು ಎಂಬ ಆಸೆ ರೈಲಿನಲ್ಲಿ ಬರುವಾಗ ಎಲ್ಲೋ ಇತ್ತು, ಅದಕ್ಕೆ ಕುರ್ಚಿಯಲ್ಲಿ ಕೂತ ಮೊದಲ ಗಳಿಗೆ ಬಹಳ ಕಷ್ಟವಾಯಿತು. ರೆಕಾರ್ಡು ತಿರುಗುತ್ತಿತ್ತು, ಮೇಲಿಂದ ನಾರಿನ ದೂಳು ಬಿಸಿಲುಕೋಲಿನಲ್ಲಿ ಇಳಿಯುತ್ತಿತ್ತು. ನೀನು ಅದನ್ನು ಒರೆಸಲು ಏಳುತ್ತೀಯ ಎಂದುಕೊಂಡೆ. ಏಳಲಿಲ್ಲ.

ಆಮೇಲೆ ನಾನು ನಿನ್ನನ್ನೇ ನೋಡುತ್ತಾ ಕೂತೆ. ನೀನು ಹುಟ್ಟಿದಾಗಿನಿಂದ ನೋಡಿದ್ದೇನೆ. ತೊಟ್ಟಿಲಲ್ಲಿ ನಿಂತವನಲ್ಲ, ಪಂಕ್ತಿಯಲ್ಲಿ ಪಾಯಸ ಬರುವ ತನಕ ಕೂತವನಲ್ಲ, ನಿನ್ನ ಮದುವೆಯಲ್ಲಿ ಧಾರೆಯ ನಡುವೆ ಎದ್ದು ಹೋಗಿ ಜನರೇಟರ್ ನೋಡಿ ಬಂದವನು. ಅಂಥವನು ರೆಕಾರ್ಡಿನ ಒಂದು ಇಡೀ ಬದಿ ಅಲ್ಲಾಡದೆ ಕೂತಿದ್ದೆ. ಕೈ ತೊಡೆಯ ಮೇಲಿತ್ತು, ಕಣ್ಣು ಮುಚ್ಚಿತ್ತು. ಹಾಡು ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂದು ನಿನ್ನ ಮುಖದಲ್ಲಿ ತಿಳಿಯುತ್ತಿತ್ತು. ಇಷ್ಟು ಚೆನ್ನಾಗಿ ನಾನು ಯಾರನ್ನೂ ನೋಡಿರಲಿಲ್ಲ.

ಕೊನೆಯಲ್ಲಿ ನೀನು ಕಣ್ಣು ತೆರೆದೆ. ಕೈಯೆತ್ತಿ ತಡಿ ಎಂದೆ. ಪಕ್ಕದಲ್ಲಿದ್ದ ನೀರಿನ ಲೋಟ ಎತ್ತಿಕೊಂಡೆ. ಇವನಿಗೆ ಈಗಲೇ ಬಾಯಾರಿಕೆ ಆಯಿತಲ್ಲ ಎಂದು ನನಗೆ ರೇಗಿತು. ನೀನು ಕುಡಿಯಲಿಲ್ಲ. ರೆಕಾರ್ಡನ್ನೇ ನೋಡುತ್ತಾ ಕಾದು, ಸರಿಯಾದ ಗಳಿಗೆಗೆ ಲೋಟವನ್ನು ನನ್ನ ಮುಂದಿನ ಮಣೆಯ ಮೇಲೆ ಇಟ್ಟೆ. ನೀರು ನಡುಗಿ ನಿಂತಿತು. ನನಗೆ ನಗುವೂ ಅಳುವೂ ಒಟ್ಟಿಗೆ ಬಂದು, ಏನು ಕೂಗಿದೆನೋ ಗೊತ್ತಿಲ್ಲ, ಅಶ್ವಿನಿ ಅಡುಗೆಮನೆಯಿಂದ ಓಡಿ ಬಂದಳು.

ಹಾಗಾದರೆ ಮಾರ್ಚಿನ ಆ ಸಂಜೆಯೇ ನಿನಗೆ ಕೇಳಿಸಿತ್ತು. ನಾನೇ ಬಂದು ಕೇಳಲಿ ಎಂದು ನೀನು ಬಾಯಿ ಮುಚ್ಚಿಕೊಂಡಿದ್ದೆ, ನಾನು ಅದನ್ನು ಬೇರೆಯೇ ಅರ್ಥ ಮಾಡಿಕೊಂಡು ಕೂತಿದ್ದೆ. ಇರಲಿ. ವ್ಯಾಜ್ಯ ನನ್ನ ಕಡೆಗಾಯಿತು.

ಸಂಕ್ರಾಂತಿಗೆ ಮತ್ತೆ ಬರುತ್ತೇನೆ, ಎರಡನೆಯ ಬದಿ ಹಾಕು. ಅಲ್ಲಿಯ ತನಕ ಬಲಗಡೆಯ ಸ್ಪೀಕರನ್ನು ಮುಟ್ಟಬೇಡ.

ತೀರ್ಥಕ್ಕ